ಒಂದು ನಕ್ಷತ್ರ ಕೊಟ್ಟವರಿಗೆ ಉತ್ತರ

ಪಂಚಾಂಗದಲ್ಲಿ 27 ನಕ್ಷತ್ರಗಳಿವೆ. ಪ್ಲೇ ಸ್ಟೋರಿನಲ್ಲಿ ಇರುವುದು ಐದೇ. ಆ ಐದರಲ್ಲಿ ಒಂದನ್ನು ಮಾತ್ರ ಕೊಟ್ಟು, ಜೊತೆಗೆ ಎರಡು ಸಾಲು ಬೈದು ಹೋಗುವವರಿಗೆ ಉತ್ತರ ಬರೆಯುವುದು ಕಳೆದ ಮೂರು ವರ್ಷಗಳಿಂದ ನನ್ನ ರಾತ್ರಿಪಾಳಿ ಕೆಲಸ.

ಹಗಲು ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ರಾತ್ರಿ ಊಟ ಆದ ಮೇಲೆ ನನ್ನದೇ ಒಂದು ಪುಟ್ಟ ಪಂಚಾಂಗದ ಆ್ಯಪ್‌ಗೆ ಮಾಲೀಕ, ಗುಮಾಸ್ತ, ಜವಾನ ಎಲ್ಲವೂ ನಾನೇ. ಅದರ ಹೆಸರು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಇದು ಲೇಖನ ಹೋಗಿ ಜಾಹೀರಾತಾಗುತ್ತದೆ. ಪ್ಲೇ ಸ್ಟೋರಿನಲ್ಲಿ ಆ್ಯಪ್ ಹಾಕಬೇಕೆಂದರೆ ಒಂದು ಸಲ 25 ಡಾಲರ್ ಕಟ್ಟಬೇಕು, ಅಷ್ಟೆ. ಅದು ಕಟ್ಟಿದ ದಿನ ನಾನು ದೊಡ್ಡ ಉದ್ಯಮಿಯಾದೆ ಅಂದುಕೊಂಡಿದ್ದೆ. ಐಡಿಯಾ ನಮ್ಮಪ್ಪನದು. ಸಾಗರದ ಕಡೆ ಹೈಸ್ಕೂಲು ಮೇಷ್ಟರಾಗಿದ್ದು ನಿವೃತ್ತರಾದವರು. ದಿನಾ ಬೆಳಗ್ಗೆ ಕನ್ನಡಕ ಹುಡುಕಿ, ಪಂಚಾಂಗದ ಸಣ್ಣ ಅಕ್ಷರ ಓದೋಕೆ ಕಿಟಕಿ ಹತ್ತಿರ ಹೋಗುತ್ತಿದ್ದರು. "ಇಷ್ಟೆಲ್ಲ ಕಂಪ್ಯೂಟರ್ ಕಲ್ತಿದ್ದೀಯ, ಇದನ್ನೊಂದು ದೊಡ್ಡ ಅಕ್ಷರದಲ್ಲಿ ಮೊಬೈಲಿಗೆ ತರೋಕೆ ಆಗಲ್ವೇನೋ?" ಅಂದರು. ಆಗುತ್ತದೆ ಅಂದೆ. ಆಯಿತು ಕೂಡ.

ಮೊದಲ ಒಂದು ವರ್ಷ ಸುಖವಾಗಿತ್ತು. ಬಳಸುವವರೂ ಕಡಿಮೆ, ಬೈಯುವವರೂ ಕಡಿಮೆ. ಸಿಟ್ಟು ಬರುವಂಥದ್ದಕ್ಕಿಂತ ನಗು ಬರುವಂಥದ್ದೇ ಹೆಚ್ಚು. ಒಬ್ಬರು "ನಂಬರ್ ಒನ್ ಆ್ಯಪ್, ತುಂಬಾ ಚೆನ್ನಾಗಿದೆ" ಅಂತ ಬರೆದು ಒಂದೇ ಸ್ಟಾರ್ ಒತ್ತಿದ್ದರು. ಶಾಲೆಯಲ್ಲಿ ಮೊದಲ ರ‍್ಯಾಂಕ್ ಅಂದರೆ ಒಂದು ತಾನೇ, ಅವರ ತರ್ಕದಲ್ಲಿ ತಪ್ಪೇನಿಲ್ಲ. ಇನ್ನೊಬ್ಬರು ತಮ್ಮ ಫೋನಿನಲ್ಲಿ ಜಾಗ ಇಲ್ಲದ್ದಕ್ಕೆ ಒಂದು ಸ್ಟಾರ್ ಕೊಟ್ಟಿದ್ದರು. ಮತ್ತೊಬ್ಬರದು ಇಂಗ್ಲಿಷ್ ಲಿಪಿಯ ಕನ್ನಡದಲ್ಲಿ ಎರಡೇ ಶಬ್ದ: "ವೇಸ್ಟ್ ಗುರು." ಯಾಕೆ ವೇಸ್ಟ್ ಅಂತ ಕೇಳಿದೆ. ಇವತ್ತಿಗೂ ಉತ್ತರ ಬಂದಿಲ್ಲ.

ಇಂಥವರ ನಡುವೆ, ಕಾರಣ ಕೊಟ್ಟು ಬೈಯುವವರು ಇರುತ್ತಾರೆ. ಅವರದು ಬೇರೆಯೇ ಸಮಸ್ಯೆ, ಏಕೆಂದರೆ ಓದುವವರಿಗೆ ಆ ಕಾರಣ ನಿಜ ಅನ್ನಿಸುತ್ತದೆ.

ರಾಹುಕಾಲವನ್ನೇ ತೆಗೆದುಕೊಳ್ಳಿ. ಸೋಮವಾರ ಏಳೂವರೆಯಿಂದ ಒಂಬತ್ತು ಅಂತ ನಮಗೆಲ್ಲ ಬಾಯಿಪಾಠ. ಗೋಡೆಯ ಕ್ಯಾಲೆಂಡರಿನಲ್ಲೂ ಹಾಗೇ ಇರುತ್ತದೆ. ಆ ಲೆಕ್ಕದ ಹಿಂದೆ, ಸೂರ್ಯ ಪ್ರತಿದಿನ ಸರಿಯಾಗಿ ಆರಕ್ಕೆ ಹುಟ್ಟಿ ಆರಕ್ಕೆ ಮುಳುಗುತ್ತಾನೆ ಎಂಬ ಊಹೆ ಇದೆ. ಹಗಲನ್ನು ಎಂಟು ಭಾಗ ಮಾಡಿದರೆ ಒಂದೂವರೆ ಗಂಟೆಗೊಂದು ಭಾಗ, ಸೋಮವಾರಕ್ಕೆ ಎರಡನೆಯದು. ಆದರೆ ಜನವರಿ ಮೊದಲ ವಾರ ಬೆಂಗಳೂರಿನಲ್ಲಿ ಸೂರ್ಯ ಹುಟ್ಟುವುದು 6.40 ದಾಟಿದ ಮೇಲೆ. ನಿಜವಾದ ಹಗಲನ್ನು ಭಾಗಿಸಿದರೆ ಸೋಮವಾರದ ರಾಹುಕಾಲ ಎಂಟು ಗಂಟೆ ಕಳೆದ ಮೇಲೆ ಶುರುವಾಗಿ ಒಂಬತ್ತೂವರೆಯವರೆಗೆ ಹೋಗುತ್ತದೆ. ಮಂಗಳೂರಿನಲ್ಲಿ ಇನ್ನೂ ಹತ್ತು ನಿಮಿಷ ಆಚೀಚೆ. ನನ್ನ ಆ್ಯಪ್ ಊರು ಕೇಳಿ, ಆ ಊರಿನ ಸೂರ್ಯೋದಯಕ್ಕೆ ಲೆಕ್ಕ ಹಾಕುತ್ತದೆ. ಅದಕ್ಕೆ ಸಿಕ್ಕ ಬಹುಮಾನ: "ರಾಹುಕಾಲವೇ ತಪ್ಪು. ಕ್ಯಾಲೆಂಡರ್ ನೋಡಿ ಕಲಿಯಿರಿ." ಒಂದು ಸ್ಟಾರ್.

ಅಲಾರಂ ಕಥೆ ಇನ್ನೊಂದು. ವ್ರತದ ಹಿಂದಿನ ಸಂಜೆ ನೆನಪಿಸುವ ಸೌಲಭ್ಯ ಇಟ್ಟಿದ್ದೇನೆ. 2022ರಲ್ಲಿ ಬಂದ ಆ್ಯಂಡ್ರಾಯ್ಡ್ 13ರಿಂದ ಈಚೆಗೆ ಯಾವ ಹೊಸ ಆ್ಯಪ್ ಹಾಕಿಕೊಂಡರೂ, ಸೂಚನೆ ಕಳಿಸಬಹುದೇ ಅಂತ ಫೋನು ಒಮ್ಮೆ ಕೇಳುತ್ತದೆ. ನಮ್ಮ ಜನ ಇಂಥ ಪ್ರಶ್ನೆ ಬಂದರೆ ಪರಿಶೀಲಿಸದೆ "ಬೇಡ" ಒತ್ತುತ್ತಾರೆ, ಒತ್ತುವುದು ಸರಿಯೂ ಹೌದು, ಅಷ್ಟು ಕಾಟ ಇದೆ. ಅದರ ಮೇಲೆ ಕೆಲವು ಕಂಪನಿಗಳ ಫೋನುಗಳು ಬ್ಯಾಟರಿ ಉಳಿಸುವ ಹೆಸರಿನಲ್ಲಿ, ತೆರೆಯದೆ ಬಿಟ್ಟ ಆ್ಯಪ್‌ಗಳನ್ನು ಹಿನ್ನೆಲೆಯಲ್ಲಿ ಕುತ್ತಿಗೆ ಹಿಸುಕಿಬಿಡುತ್ತವೆ. ಸಂಜೆ ನೆನಪಿಸಬೇಕಾದವನನ್ನು ಮಧ್ಯಾಹ್ನವೇ ಮುಗಿಸಿದರೆ ಅವನು ಹೇಗೆ ನೆನಪಿಸಿಯಾನು? ಬೈಗುಳ ಮಾತ್ರ ನನಗೆ. ಫೋನ್ ಮಾಡಿದ ಕಂಪನಿಗೆ ಯಾರೂ ಸ್ಟಾರ್ ಕೊಡುವುದಿಲ್ಲ.

ಒಂದು ಮಾತು ಮಧ್ಯದಲ್ಲೇ ಹೇಳಿಬಿಡುತ್ತೇನೆ. ಬಣ್ಣ ಚೆನ್ನಾಗಿಲ್ಲ, ಜಾಹೀರಾತು ಜಾಸ್ತಿ, ನನಗೆ ಇಷ್ಟ ಆಗಲಿಲ್ಲ ಅಂತ ಎರಡು ಸ್ಟಾರ್ ಕೊಡುವವರ ಮೇಲೆ ನನ್ನ ತಕರಾರಿಲ್ಲ. ಅದು ಅವರ ಅಭಿಪ್ರಾಯ. ಜಾಹೀರಾತು ಬೇಡದವರು ಒಂದು ಸಲ 99 ರೂಪಾಯಿ ಕೊಡಬಹುದು. ಅದರಲ್ಲೂ ತೆರಿಗೆ ಬಿಟ್ಟು ಉಳಿದದ್ದರಲ್ಲಿ ಶೇಕಡಾ 15 ಸ್ಟೋರಿಗೆ ಹೋಗುತ್ತದೆ. "ದರೋಡೆ" ಅಂತ ಬರೆದವರೂ ಇದ್ದಾರೆ. ಇರಲಿ, ದರೋಡೆಕೋರರು 99 ರೂಪಾಯಿಗೆ ಇಷ್ಟು ಕಷ್ಟಪಡುವುದಿಲ್ಲ.

ಹೋದ ವರ್ಷದ ಏಕಾದಶಿಗೆ ಬರುತ್ತೇನೆ.

ಒಂದು ಭಾನುವಾರ ರಾತ್ರಿ ನೋಡಿದರೆ ಹೊಸ ವಿಮರ್ಶೆ. "ಶನಿವಾರ ಏಕಾದಶಿ ಅಂತ ತೋರಿಸಿ ನಮ್ಮ ತಾಯಿಯ ವ್ರತ ಕೆಡಿಸಿದ್ದಾರೆ. ಮಠದಲ್ಲಿ ಭಾನುವಾರ. ಶಾಸ್ತ್ರ ಗೊತ್ತಿಲ್ಲದವರು ದುಡ್ಡಿಗೋಸ್ಕರ ಪಂಚಾಂಗ ಮಾಡಬಾರದು." ಬೆಳಗಾಗುವುದರೊಳಗೆ ಇನ್ನೂ ನಾಲ್ಕು. ಬುಧವಾರಕ್ಕೆ ಹತ್ತು. ಕೆಲವರ ಶಬ್ದಗಳು ಒಂದೇ ಥರ ಇದ್ದವು. ಯಾವುದೋ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರೋ ಚಿತ್ರ ತೆಗೆದು ಹಾಕಿರಬೇಕು ಅಂತ ನನ್ನ ಅಂದಾಜು. ಹತ್ತರಲ್ಲಿ ಎಷ್ಟು ಜನ ಆ್ಯಪ್ ತೆರೆದು ನೋಡಿದ್ದರೋ ದೇವರೇ ಬಲ್ಲ.

ಹತ್ತು ತಾನೇ ಅನ್ನಬೇಡಿ. ಆಗ ನನ್ನ ಹತ್ತಿರ ಇದ್ದದ್ದೇ 200 ರೇಟಿಂಗು, ಸರಾಸರಿ 4.6. ಅದಕ್ಕೆ ಹತ್ತು ಒಂಟಿ ಸ್ಟಾರ್ ಸೇರಿಸಿದರೆ 4.4 ಚಿಲ್ಲರೆಗೆ ಇಳಿಯುತ್ತದೆ. ಮತ್ತೆ 4.6 ಆಗಬೇಕೆಂದರೆ ಎಷ್ಟು ಜನ ಐದು ಸ್ಟಾರ್ ಕೊಡಬೇಕು, ಹೇಳಿ? ತೊಂಬತ್ತು. ಕೆಡವೋಕೆ ಹತ್ತು ಜನ, ಕಟ್ಟೋಕೆ ತೊಂಬತ್ತು ಜನ. ಇದು ಸರಳ ಸರಾಸರಿಯ ಲೆಕ್ಕ. 2019ರಿಂದ ಸ್ಟೋರು ಈಚಿನ ರೇಟಿಂಗುಗಳಿಗೆ ಹೆಚ್ಚು ತೂಕ ಕೊಡುತ್ತದೆ. ಹಾಗಾಗಿ ಪೆಟ್ಟು ಕಾಗದದ ಲೆಕ್ಕಕ್ಕಿಂತ ಜೋರಾಗಿಯೇ ಬೀಳುತ್ತದೆ. ದಿನಕ್ಕೆ ಮೂವತ್ತು ಜನ ಹೊಸದಾಗಿ ಹಾಕಿಕೊಳ್ಳುತ್ತಿದ್ದದ್ದು ಎಂಟು-ಒಂಬತ್ತಕ್ಕೆ ಬಂತು.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. 2017ರ ಏಪ್ರಿಲ್‌ನಲ್ಲಿ, ಸ್ನ್ಯಾಪ್‌ಚಾಟ್ ಮುಖ್ಯಸ್ಥರು ಭಾರತವನ್ನು ಬಡ ದೇಶ ಅಂತ ಹೀಯಾಳಿಸಿದರಂತೆ ಎಂಬ ಸುದ್ದಿ ಹಬ್ಬಿತು. ಕಂಪನಿ ಅದನ್ನು ಅಲ್ಲಗಳೆಯಿತು. ಆದರೂ ನಮ್ಮ ಜನ ಸ್ನ್ಯಾಪ್‌ಚಾಟ್‌ಗೆ ಒಂದು ಸ್ಟಾರ್ ಕೊಟ್ಟರು. ಸಿಟ್ಟಿನಲ್ಲಿ ಕೆಲವರು ಹೆಸರು ಸರಿಯಾಗಿ ಓದದೆ ಸ್ನ್ಯಾಪ್‌ಡೀಲ್‌ಗೂ ಕೊಟ್ಟರು. ಅದು ನಮ್ಮದೇ ದೇಶದ ಅಂಗಡಿ, ಪಾಪ, ಹೆಸರಿನ ಅರ್ಧ ಹೊಂದಿದ್ದೇ ಅಪರಾಧ. 2020ರ ಮೇನಲ್ಲಿ ಟಿಕ್‌ಟಾಕ್ ಮೇಲೆ ಹೀಗೇ ದಾಳಿಯಾದಾಗ ಗೂಗಲ್ ಲಕ್ಷಗಟ್ಟಲೆ ವಿಮರ್ಶೆಗಳನ್ನು ತೆಗೆದುಹಾಕಿತು. ನನ್ನ ಹತ್ತು ವಿಮರ್ಶೆಗೆ ಯಾರು ಬರುತ್ತಾರೆ? ಬೈಗುಳ, ಸ್ಪ್ಯಾಮ್, ಸಂಬಂಧವಿಲ್ಲದ ಮಾತು ಇದ್ದರೆ ದೂರು ಕೊಡಬಹುದು. "ಇವರು ಹೇಳಿದ್ದು ಸುಳ್ಳು" ಅಂತ ನನಗೆ ಅನ್ನಿಸಿದ ಮಾತ್ರಕ್ಕೆ ತೆಗೆಯುವುದಿಲ್ಲ. ಯೋಚಿಸಿದರೆ ಅದು ಸರಿಯೇ. ಪ್ರತಿ ಅಂಗಡಿಯವನೂ ತನಗಾಗದ ಮಾತನ್ನು ಅಳಿಸುವಂತಿದ್ದರೆ ವಿಮರ್ಶೆ ಅನ್ನುವುದೇ ಇರುತ್ತಿರಲಿಲ್ಲ.

ಚಿಕ್ಕಪ್ಪನ ಮಗ ಫೋನ್ ಮಾಡಿದ. "ಅಣ್ಣಾ, ಟೆನ್ಷನ್ ಬೇಡ. ನಮ್ಮ ಹಾಸ್ಟೆಲ್‌ನಲ್ಲಿ ನಲವತ್ತು ಹುಡುಗ್ರಿದಾರೆ. ರಾತ್ರಿಯೊಳಗೆ ಎಲ್ಲರ ಕೈಲೂ ಐದು ಸ್ಟಾರ್ ಒತ್ತಿಸ್ತೀನಿ. ನೀನು ಬಿರಿಯಾನಿ ಕೊಡ್ಸು ಸಾಕು." ಏಕಾದಶಿಯ ಆ್ಯಪ್‌ಗೆ ಬಿರಿಯಾನಿ ಕೊಟ್ಟು ಸ್ಟಾರ್ ಕೊಳ್ಳುವುದು! ಸ್ಟೋರಿನ ನಿಯಮಕ್ಕೂ ಅದು ವಿರುದ್ಧ. ಬೇಡ ಕಣೋ ಅಂದೆ. ಅವನಿಗೆ ನನ್ನ ಮೇಲೆ ಕನಿಕರವೇ ಹುಟ್ಟಿತು.

ನನಗೆ ನಿದ್ದೆ ಕೆಟ್ಟದ್ದು ರೇಟಿಂಗಿನಿಂದಲ್ಲ, ಅಪ್ಪನ ಫೋನಿನಿಂದ. ಅವರು ದಿನಾ ಬೆಳಗ್ಗೆ ಪೇಪರ್ ಓದಿದಂತೆ ನನ್ನ ಆ್ಯಪಿನ ವಿಮರ್ಶೆ ಓದುತ್ತಾರೆ. ಮಾಮೂಲಿ ಬೈಗುಳಕ್ಕೆ ನನಗಿಂತ ಮೊದಲು ರೇಗುವವರು ಅವರೇ. ಆ ದಿನ ರೇಗಲಿಲ್ಲ. ತಣ್ಣಗೆ ಹೇಳಿದರು, "ಯಾರದೋ ತಾಯಿ ಉಪವಾಸ ಕೆಟ್ಟಿತು ಅಂತ ಬರ್ದಿದಾರಲ್ಲೋ. ನಾಲ್ಕು ಕಾಸಿಗೆ ಜನರ ವ್ರತ ಕೆಡಿಸಿದ ಪಾಪ ನಮಗೆ ಬೇಡ ಮಾರಾಯ. ತೆಗೆದುಬಿಡು ಅದನ್ನ." ಹಿಂದಿನಿಂದ ಅಮ್ಮ, "ಹೋಗ್ಲಿ ಬಿಡಿ, ಅವನು ಮಲಗಲಿ" ಅನ್ನುವುದು ಕೇಳಿಸಿತು.

ಯಾರೋ ಗೊತ್ತಿಲ್ಲದವರು ಶಾಸ್ತ್ರ ಗೊತ್ತಿಲ್ಲ ಅಂದರೆ ಸಹಿಸಬಹುದು. ಐಡಿಯಾ ಕೊಟ್ಟ ಅಪ್ಪನೇ ತೆಗೆದುಬಿಡು ಅಂದರೆ ಏನು ಮಾಡುವುದು? ಲೆಕ್ಕ ಸರಿ ಇದೆ ಅಂತ ನನಗೆ ಗೊತ್ತಿತ್ತು. ಅದನ್ನು ಅವರಿಗೆ ತೋರಿಸಬೇಕಿತ್ತು.

ಆ ವಾರ ಊರಿಗೆ ಹೋದೆ. ಅಪ್ಪನ ಮುಂದೆ ಅವರದೇ ಹಳೆಯ ಮುದ್ರಿತ ಪಂಚಾಂಗ ತೆರೆದಿಟ್ಟೆ. ತಿಥಿ ಅನ್ನುವುದು ಸೂರ್ಯನಿಂದ ಚಂದ್ರ 12 ಡಿಗ್ರಿ ದೂರ ಸರಿಯಲು ಬೇಕಾದ ಕಾಲ. ಚಂದ್ರನ ವೇಗ ಒಂದೇ ಸಮ ಇರುವುದಿಲ್ಲ, ಹಾಗಾಗಿ ತಿಥಿ ಯಾವ ಹೊತ್ತಿಗೆ ಬೇಕಾದರೂ ಶುರುವಾಗಬಹುದು. ಆ ಶನಿವಾರ ಸೂರ್ಯ ಹುಟ್ಟುವಾಗ ಏಕಾದಶಿ ಬಂದಾಗಿತ್ತು. ಸ್ಮಾರ್ತರಿಗೆ ಅಷ್ಟು ಸಾಕು, ಅವತ್ತೇ ಉಪವಾಸ. ವೈಷ್ಣವರು ಅದಕ್ಕೂ ಹಿಂದಿನ ಅರುಣೋದಯ ನೋಡುತ್ತಾರೆ. ಸೂರ್ಯೋದಯಕ್ಕೆ ನಾಲ್ಕು ಘಳಿಗೆ ಮುಂಚೆ, ಅಂದರೆ 96 ನಿಮಿಷ. ಆಗ ಇನ್ನೂ ದಶಮಿ ಇದ್ದರೆ ಅದು ದಶಮೀವಿದ್ಧ, ಅವರಿಗೆ ಮಾರನೆಯ ದಿನ. ಅವತ್ತು ಆಗಿದ್ದು ಅದೇ. ಅಪ್ಪನ ಪಂಚಾಂಗದಲ್ಲೂ ಶನಿವಾರದ ಎದುರು "ಸ್ಮಾರ್ತ ಏಕಾದಶಿ", ಭಾನುವಾರದ ಎದುರು "ವೈಷ್ಣವ ಏಕಾದಶಿ" ಅಂತ ಸ್ಪಷ್ಟವಾಗಿತ್ತು. ನನ್ನ ಆ್ಯಪ್ ಮೊದಲ ಸಲ ತೆರೆದಾಗ "ನಿಮ್ಮ ಸಂಪ್ರದಾಯ ಯಾವುದು?" ಅಂತ ಕೇಳಿಯೇ ಮುಂದೆ ಹೋಗುತ್ತದೆ.

ಅಪ್ಪ ಎರಡೂ ಸಾಲಿನ ಮೇಲೆ ಬೆರಳಿಟ್ಟು ಓದಿದರು. ಇನ್ನೊಮ್ಮೆ ಓದಿದರು. "ಇದನ್ನೇ ಬರಿ ಹಾಗಾದ್ರೆ," ಅಂದರು.

ಆಮೇಲೆ ಅವರೇ ಬರೆಯಲು ಕೂತರು. "ಮಾನ್ಯರೇ, ತಮ್ಮ ಅಭಿಪ್ರಾಯ ತಲುಪಿತು. ತಮ್ಮ ಮಾತೃಶ್ರೀಯವರ ವ್ರತಕ್ಕೆ ಸಂಬಂಧಿಸಿದಂತೆ ತಾವು ವ್ಯಕ್ತಪಡಿಸಿರುವ..." ಹೀಗೆ ಒಂದು ಹಾಳೆ. ಕಷ್ಟವೆಂದರೆ ಸ್ಟೋರಿನಲ್ಲಿ ಉತ್ತರಕ್ಕೆ 350 ಅಕ್ಷರ ಮಾತ್ರ. ಒಂದು ವಿಮರ್ಶೆಗೆ ಒಂದೇ ಉತ್ತರ. ಬೇಕಾದರೆ ಅದನ್ನೇ ತಿದ್ದಬಹುದು. ಅದರಲ್ಲೂ ಕಂಪ್ಯೂಟರ್ ಎಣಿಸುವ ಅಕ್ಷರ ಬೇರೆ, ಮೇಷ್ಟರು ಎಣಿಸುವ ಅಕ್ಷರ ಬೇರೆ. "ಕ್ಷಮಿಸಿ" ನಮ್ಮ ಕಣ್ಣಿಗೆ ಮೂರಕ್ಷರ. ಕಂಪ್ಯೂಟರಿನೊಳಗೆ ಕ, ಅರ್ಧಾಕ್ಷರದ ಗುರುತು, ಷ, ಮ, ಗುಡಿಸು, ಸ, ಮತ್ತೊಂದು ಗುಡಿಸು, ಹೀಗೆ ಏಳು. ಅಪ್ಪನ ಸಂಬೋಧನೆ ಮುಗಿಯುವಷ್ಟರಲ್ಲಿ ಜಾಗವೇ ಮುಗಿದಿತ್ತು. ಮೂವತ್ತು ವರ್ಷ ಮಕ್ಕಳ ಪ್ರಬಂಧ ತಿದ್ದಿದವರಿಗೆ ತಮ್ಮದೇ ಪ್ರಬಂಧಕ್ಕೆ ಕತ್ತರಿ ಹಾಕುವುದು ಕಷ್ಟವಾಯಿತು.

ನಾನು ಹಿಂದಿನ ರಾತ್ರಿಗಳಲ್ಲಿ ಬರೆದು ಹಾಕದೆ ಇಟ್ಟುಕೊಂಡಿದ್ದ ಉತ್ತರಗಳು ಇನ್ನೊಂದು ಥರ. "ಮೊದಲ ಪುಟ ಓದದೆ ಮುಂದೆ ಮುಂದೆ ಒತ್ತಿದವರು ನೀವು." "ನಿಮ್ಮ ಮಠದವರನ್ನೇ ಕೇಳಿ." ಎಲ್ಲ ಸತ್ಯವೇ. ಆದರೆ ಹೊಸದಾಗಿ ಆ್ಯಪ್ ಹಾಕಿಕೊಳ್ಳಲು ಬಂದ ಒಬ್ಬ ಅಜ್ಜಿ ಇದನ್ನು ಓದಿದರೆ ಏನನ್ನಿಸಬಹುದು? ಬೈದವರು ಆಗಲೇ ಹೊರಟುಹೋಗಿದ್ದಾರೆ. ನಾನು ಉತ್ತರ ಕೊಟ್ಟರೆ ಅವರಿಗೆ ಒಂದು ಇಮೇಲ್ ಹೋಗುತ್ತದೆ ನಿಜ, ಎಷ್ಟು ಜನ ತೆರೆದು ನೋಡುತ್ತಾರೆ? ಜಗಳದ ಕೆಳಗೆ ನಿಂತು ಮೌನವಾಗಿ ಓದುತ್ತಿರುವವರು, ಹಾಕಿಕೊಳ್ಳಲೋ ಬೇಡವೋ ಅಂತ ಬೆರಳು ಎತ್ತಿಹಿಡಿದವರು ಬೇರೆ. ನಾನು ಬರೆಯಬೇಕಾದದ್ದು ಅವರಿಗೆ. ಉತ್ತರವನ್ನೇ ಕೊಡದೆ ಬಿಟ್ಟರೆ ಅವರು ಏನು ತಿಳಿಯುತ್ತಾರೆ? ತಪ್ಪು ಒಪ್ಪಿಕೊಂಡ ಅಂತ.

ಕೊನೆಗೆ ಅಪ್ಪ-ಮಗ ಸೇರಿ ಹಾಕಿದ್ದು ಇಷ್ಟು: "ನಮಸ್ಕಾರ. ಆ ದಿನ ಅರುಣೋದಯಕ್ಕೆ ದಶಮಿ ಇತ್ತು. ಹಾಗಾಗಿ ಸ್ಮಾರ್ತರಿಗೆ ಶನಿವಾರ, ವೈಷ್ಣವರಿಗೆ ಭಾನುವಾರ ಏಕಾದಶಿ. ಮುದ್ರಿತ ಪಂಚಾಂಗದಲ್ಲೂ ಹೀಗೇ ಇದೆ. ಸೆಟ್ಟಿಂಗ್ಸ್‌ನಲ್ಲಿ 'ಸಂಪ್ರದಾಯ' ಒತ್ತಿದರೆ ನಿಮ್ಮ ಮನೆಯ ಪದ್ಧತಿಯಂತೆ ತೋರಿಸುತ್ತದೆ. ತಾಯಿಯವರಿಗೆ ನಮಸ್ಕಾರ ತಿಳಿಸಿ." ಕೊನೆಯ ವಾಕ್ಯ ಅಪ್ಪನದು. ನನಗೆ ಅದು ಅನಾವಶ್ಯಕ ಅನ್ನಿಸಿತ್ತು. ಅವರು ಪಟ್ಟು ಹಿಡಿದರು.

ಅದನ್ನು ಬರೆದವರು ತಮ್ಮ ಒಂದು ಸ್ಟಾರ್ ಬದಲಾಯಿಸಲಿಲ್ಲ. ಇವತ್ತಿಗೂ ಅಲ್ಲೇ ಇದೆ. ಉಳಿದ ಒಂಬತ್ತರಲ್ಲಿ ಇಬ್ಬರು ಬದಲಾಯಿಸಿದರು, ಒಬ್ಬರು ಅಳಿಸಿಯೇ ಬಿಟ್ಟರು. ಹೊಸ ಬಳಕೆದಾರರ ಸಂಖ್ಯೆ ಮೊದಲಿನಷ್ಟಾಗಲು ಏಳು ತಿಂಗಳು ಹಿಡಿಯಿತು. ಅಷ್ಟರಲ್ಲಿ ಧಾರವಾಡದಿಂದ ಒಬ್ಬ ಗೃಹಿಣಿಯ ಇಮೇಲ್ ಬಂತು. ಅವರ ತವರಿನವರು ಸ್ಮಾರ್ತರು, ಗಂಡನ ಮನೆಯವರು ವೈಷ್ಣವರು. ಮದುವೆಯಾಗಿ ಇಷ್ಟು ವರ್ಷವಾದರೂ, ಕೆಲವು ಸಲ ತವರಿನಲ್ಲಿ ಒಂದು ದಿನ, ಇಲ್ಲಿ ಮಾರನೆಯ ದಿನ ಏಕಾದಶಿ ಯಾಕೆ ಬರುತ್ತದೆ ಅಂತ ಯಾರೂ ಬಿಡಿಸಿ ಹೇಳಿರಲಿಲ್ಲವಂತೆ. ಕೇಳಿದರೆ "ನಮ್ಮಲ್ಲಿ ಹೀಗೆ" ಅನ್ನುವುದೇ ಉತ್ತರ. ಆ ಬೈಗುಳದ ಕೆಳಗಿನ ನಮ್ಮ ಉತ್ತರ ಓದಿ ಅರ್ಥವಾಯಿತಂತೆ, ಅದಕ್ಕೇ ಆ್ಯಪ್ ಹಾಕಿಕೊಂಡರಂತೆ. ಆ ಇಮೇಲನ್ನು ಅಪ್ಪ ಪ್ರಿಂಟ್ ತೆಗೆಸಿ ಪಂಚಾಂಗದ ನಡುವೆ ಇಟ್ಟುಕೊಂಡಿದ್ದಾರೆ. ತೆಗೆದುಬಿಡು ಅನ್ನುವ ಮಾತು ಮತ್ತೆ ಎತ್ತಿಲ್ಲ.

ಈಗ ನನಗೆ ಒಂದು ಪದ್ಧತಿ ಬಂದಿದೆ. ರಾತ್ರಿ ಓದುತ್ತೇನೆ, ಬೆಳಗ್ಗೆ ಉತ್ತರಿಸುತ್ತೇನೆ. ಅವರು "ನೀನು" ಅಂದಿದ್ದರೂ ನಾನು "ನೀವು". ಏನಾಯಿತು ಅನ್ನುವುದಕ್ಕೆ ಒಂದು ವಾಕ್ಯ, ಏನು ಮಾಡಬೇಕು ಅನ್ನುವುದಕ್ಕೆ ಒಂದು. ಅಮೆರಿಕದ ನ್ಯೂಜೆರ್ಸಿಯ ಕನ್ನಡಿಗರೊಬ್ಬರು "ಬೆಂಗಳೂರಿನಲ್ಲಿ ಗುರುವಾರ ಇರುವ ತಿಥಿ ನಿಮ್ಮದರಲ್ಲಿ ಬುಧವಾರ ತೋರಿಸುತ್ತೆ, ಕಾಮಿಡಿ ಆ್ಯಪ್" ಅಂದಾಗಲೂ ಹಾಗೇ ಮಾಡಿದೆ. ಬೆಂಗಳೂರಿನಲ್ಲಿ ಬುಧವಾರ ಮಧ್ಯಾಹ್ನ ಎರಡಕ್ಕೆ ತಿಥಿ ಶುರುವಾದರೆ ಇಲ್ಲಿನ ಸೂರ್ಯೋದಯಕ್ಕೆ ಅದು ಸಿಗುವುದು ಗುರುವಾರ. ಅದೇ ಕ್ಷಣ ಅವರಲ್ಲಿ, ಬೇಸಿಗೆಯ ಸಮಯದಲ್ಲಿ, ಬುಧವಾರ ನಸುಕಿನ ನಾಲ್ಕೂವರೆ. ಸೂರ್ಯ ಇನ್ನೂ ಹುಟ್ಟಬೇಕಷ್ಟೆ. ಇದನ್ನು 350 ಅಕ್ಷರಕ್ಕೆ ಇಳಿಸಲು ನನಗೆ ಅರ್ಧ ಗಂಟೆ ಬೇಕಾಯಿತು. ಕಚೇರಿಯಲ್ಲಿ ಇಷ್ಟು ಶ್ರದ್ಧೆ ತೋರಿಸಿದ್ದರೆ ಬಡ್ತಿ ಸಿಗುತ್ತಿತ್ತೇನೋ.

ಮೊನ್ನೆ ಸಂಕಷ್ಟಿಯ ಮಾರನೇ ದಿನ ತೀರ್ಥಹಳ್ಳಿ ಕಡೆಯವರೊಬ್ಬರು ಬರೆದಿದ್ದಾರೆ: "ಚಂದ್ರೋದಯ 9.20 ಅಂತ ತೋರಿಸಿತು. ಮನೆಮಂದಿಯೆಲ್ಲ ಅಂಗಳದಲ್ಲಿ ಹತ್ತೂವರೆವರೆಗೂ ಕಾದೆವು. ಚಂದ್ರ ಬರಲೇ ಇಲ್ಲ. ಸುಳ್ಳು ಆ್ಯಪ್." ಒಂದು ಸ್ಟಾರ್. ಮಲೆನಾಡು, ಮಳೆಗಾಲ, ಸುತ್ತ ಗುಡ್ಡ. ನಾನು ಬರೆದೆ: "ನಮಸ್ಕಾರ. ಆ ಸಮಯ ಬಯಲಿನ ದಿಗಂತಕ್ಕೆ ಹಾಕಿದ ಲೆಕ್ಕ. ಗುಡ್ಡವಿದ್ದರೆ ಚಂದ್ರ ತಡವಾಗಿ ಕಾಣುತ್ತಾನೆ, ಮೋಡವಿದ್ದರೆ ಕಾಣುವುದಿಲ್ಲ." ಹಾಕುವ ಮೊದಲು ಅಪ್ಪನಿಗೆ ಫೋನಿನಲ್ಲಿ ಓದಿ ಹೇಳಿದೆ.

"ಮೋಡ ಇದ್ರೆ ಹೊತ್ತು ನೋಡ್ಕೊಂಡು ಚಂದ್ರ ಇರೋ ದಿಕ್ಕಿಗೆ ಅರ್ಘ್ಯ ಕೊಟ್ಟು ಊಟ ಮಾಡೋ ರೂಢಿ ಇದೆ ಅಂತ ಸೇರ್ಸೋ," ಅಂದರು. "ಪಾಪ, ಹತ್ತೂವರೆವರೆಗೂ ಹಸ್ಕೊಂಡು ಕೂತಿದ್ರಂತೆ."

ಎಣಿಸಿ ನೋಡಿದೆ. ಅಷ್ಟಕ್ಕೆ ಜಾಗ ಇತ್ತು.